ನಾಲ್ಕು ತಕ್ಕಡಿಯ ಮೇಲೆ ಕೆಂಪು ಕಾರು

ಒಂದು ಕೊಡ ನೀರನ್ನು ನಾನು ಕಾಫಿ ಕಣದ ನಟ್ಟನಡುವೆ ಸುರಿದೆ.

ತೋಟದ ಮಾಲೀಕ ಚಂದ್ರಶೇಖರರು ಹುಬ್ಬೇರಿಸಿದರು. ಅವರ ಹೆಂಡತಿ ತುಂಗಮ್ಮ ರೊಟ್ಟಿ ಹಿಟ್ಟು ಮೆತ್ತಿದ ಕೈಯಲ್ಲೇ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಮೂಡಿಗೆರೆಯ ಮೆಕ್ಯಾನಿಕ್ ಕಲ್ಲೇಶ ಕಾರಿನ ಅಡಿಯಿಂದ ತಲೆ ಹೊರಗೆ ಹಾಕಿ ನೋಡಿದ. ಮೂವರ ಮುಖದಲ್ಲೂ ಒಂದೇ ಅನುಮಾನ, ಈ ಪ್ರೇಮಕುಮಾರಿಗೆ, ಅಂದರೆ ನನಗೆ, ರಿಟೈರ್ ಆದ ಮೇಲೆ ತಲೆ ಕೆಟ್ಟಿದೆ ಅಂತ.

ನೀರು ಸ್ವಲ್ಪ ಹೊತ್ತು ಹರಡಿಕೊಂಡು ನಿಂತಿತು. ಆಮೇಲೆ ಯಾರೂ ಹೇಳಿಕೊಡದೆಯೇ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಕಡೆಯ ಮೂಲೆಗೆ ಹರಿಯತೊಡಗಿತು.

"ನಿಮ್ಮ ಕಣ ಸಮ ಇಲ್ಲ" ಎಂದೆ.

ಚಂದ್ರಶೇಖರರಿಗೆ ಅದು ಅವಮಾನವೆನಿಸಿತು. ಇಡೀ ತಾಲ್ಲೂಕಿನಲ್ಲಿ ತಮ್ಮ ಕಣದಷ್ಟು ಸಮನಾದ ಜಾಗ ಇನ್ನೊಂದಿಲ್ಲ, ಮಲೆನಾಡಲ್ಲಿ ಕ್ರಿಕೆಟ್ ಆಡೋಕೂ ಜನ ಇಲ್ಲಿಗೇ ಬರುತ್ತಿದ್ದರು ಎಂದು ಶುರುಮಾಡಿದರು. ನಾನು ನೀರಿನ ಕಡೆ ಕೈ ತೋರಿಸಿದೆ. ಕಾಫಿ ಒಣಗಿಸುವ ಕಣವನ್ನು ಯಾರೂ ಸಮ ಮಾಡಿಸುವುದಿಲ್ಲ. ಅಕಾಲದ ಮಳೆ ಬಂದರೆ ನೀರು ನಿಲ್ಲಬಾರದೆಂದು ಕಣ್ಣಿಗೆ ಕಾಣದಷ್ಟು ಇಳಿಜಾರು ಬಿಟ್ಟೇ ಸಿಮೆಂಟು ಹಾಕಿಸುತ್ತಾರೆ. ಇದು ಇಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಎಲ್ಲರೂ ಕಣವನ್ನು ಸಮ ಎಂದೇ ಕರೆಯುತ್ತಾರೆ, ಕೊನೆಗೆ ಹಾಗೆಂದು ನಂಬಿಯೂ ಬಿಡುತ್ತಾರೆ.

ಆ ನಂಬಿಕೆಯ ಮೇಲೆಯೇ ಅವರು ತಮ್ಮ ಕೆಂಪು ಕಾರನ್ನು ಇಲ್ಲಿ ನಿಲ್ಲಿಸಿ ರಿಪೇರಿ ಮಾಡಿಸಿದ್ದರು.

ಎರಡೇ ಸೀಟಿನ, ಉದ್ದ ಮೂತಿಯ, ತೊಂಬತ್ತರ ದಶಕದ ಜಪಾನಿ ಕಾರು. ಕಾಫಿಗೆ ಒಳ್ಳೆ ಕಾಲ ಬಂದಿದ್ದಾಗ ತರಿಸಿಕೊಂಡದ್ದು. ಈ ಭಾನುವಾರ ಕೊಯಮತ್ತೂರಿನ ರೇಸ್ ಟ್ರ್ಯಾಕನ್ನು ಹವ್ಯಾಸಿಗಳಿಗೆ ಬಿಟ್ಟುಕೊಡುತ್ತಾರೆ. ಪಂದ್ಯವಲ್ಲ, ಬಹುಮಾನವೂ ಇಲ್ಲ. ತಂತಮ್ಮ ಕಾರು ತಂದು ಮನಸೋ ಇಚ್ಛೆ ಓಡಿಸಿಕೊಂಡು ಹೋಗುವುದು, ಅಷ್ಟೆ. ಚಂದ್ರಶೇಖರರು ಅದಕ್ಕಾಗಿ ಹರೆಯದಿಂದ ಕಾದಿದ್ದಾರೆ. ಡಾಕ್ಟರು ಈ ವರ್ಷ ಹೂಂ ಎಂದಿದ್ದಾರೆ, ಮುಂದಿನ ವರ್ಷದ ಮಾತು ಮುಂದಿನ ವರ್ಷ ಎಂದೂ ಹೇಳಿದ್ದಾರೆ.

ಯಾರಾದರೂ ಶೆಡ್ಡಿಗೆ ನುಗ್ಗಿ ಕಾರು ಕದ್ದಿದ್ದರೆ ನನ್ನ ಕೆಲಸ ಸುಲಭವಿತ್ತು. ಇಲ್ಲಿ ಯಾರೋ ಗುಟ್ಟಾಗಿ ನುಗ್ಗಿ ಕಾರನ್ನು ಸರಿ ಮಾಡಿ ಹೋಗಿದ್ದರು.

ಟೈರಿನ ಗಾಳಿ ಬದಲಾಗಿತ್ತು. ಬ್ರೇಕ್ ಆಯಿಲ್ ಹೊಸದಾಗಿತ್ತು. ನಾಲ್ಕು ಚಕ್ರದ ಸ್ಪ್ರಿಂಗಿನ ಬುಡದಲ್ಲಿ ತಿರುಪಿನಂಥ ಬಳೆಗಳಿವೆ, ತಿರುಗಿಸಿದರೆ ಕಾರಿನ ಆ ಮೂಲೆ ಏರುತ್ತದೆ ಇಲ್ಲವೇ ಇಳಿಯುತ್ತದೆ. ಆ ಬಳೆಗಳ ಮೇಲೆ ಕಲ್ಲೇಶ ಎಳೆದಿದ್ದ ಹಳದಿ ಗೆರೆ ಜಾಗ ಬಿಟ್ಟು ಸರಿದಿತ್ತು. ವಿಚಿತ್ರವೆಂದರೆ, ಮೊದಲು ಬಲ ತಿರುವಿನಲ್ಲಿ ಹಿಂಭಾಗ ಎಗರಿಸುತ್ತಿದ್ದ ಕಾರು ಈಗ ದೇವರಮನೆ ಗುಡ್ಡದ ರಸ್ತೆಯಲ್ಲಿ ಬೆಣ್ಣೆಯ ಹಾಗೆ ಹೋಗುತ್ತಿತ್ತು. ಚಂದ್ರಶೇಖರರು ಒಂದು ಕಡೆ ಖುಷಿಯಿಂದ ಕುಣಿಯುವಂತಿದ್ದರು, ಇನ್ನೊಂದು ಕಡೆ ಸಿಟ್ಟಿನಿಂದ ಕುದಿಯುತ್ತಿದ್ದರು.

"ಗೊತ್ತಿಲ್ಲದ ಕೈ ಮುಟ್ಟಿದ ಕಾರಲ್ಲಿ ನಾನು ಟ್ರ್ಯಾಕಿಗೆ ಇಳಿಯೋದಿಲ್ಲ" ಎಂದು ನನ್ನನ್ನು ಕರೆಸಿದ ದಿನವೇ ಹೇಳಿಬಿಟ್ಟಿದ್ದರು. "ಯಾರು ಅಂತ ಹೇಳಿ. ಇಲ್ಲಾಂದ್ರೆ ಲಾರಿ ಬರೋದು ಬೇಡ ಅಂತೀನಿ."

ಕಾರನ್ನು ಕೊಯಮತ್ತೂರಿಗೆ ಒಯ್ಯುವ ಲಾರಿ ನಾಳೆ ಬೆಳಿಗ್ಗೆ ಬರುತ್ತದೆ.

ವಾಹನ ವಿಮೆಯ ಸರ್ವೆಯರ್ ಆಗಿ ನಾನು ಈ ಘಟ್ಟದ ರಸ್ತೆಗಳಲ್ಲಿ ನೋಡಿದ ಜಜ್ಜಿದ ಕಾರುಗಳಿಗೆ ಲೆಕ್ಕವಿಲ್ಲ. ಕಾರು ಸುಳ್ಳು ಹೇಳುವುದಿಲ್ಲ. ಸುಳ್ಳೇನಿದ್ದರೂ ಮಾಲೀಕರದು. ಹಾಗಾಗಿ ನಾನು ಮನುಷ್ಯರನ್ನು ಕೊನೆಗೆ ಇಟ್ಟುಕೊಂಡು ಮೊದಲು ಕಾರನ್ನೇ ವಿಚಾರಿಸುವವಳು.

ಪಲ್ಪರ್ ಮನೆಯ ಹಿಂದೆ ನನಗೆ ಬೆಳಿಗ್ಗೆ ಒಂದಿಷ್ಟು ಪ್ಲೈವುಡ್ ತುಂಡು ಸಿಕ್ಕಿದ್ದವು. ಒಂದೇ ಅಳತೆಗೆ ಕತ್ತರಿಸಿದ್ದವು. ಒಂದೊಂದರ ಮೇಲೂ ನಾಲ್ಕು ಮೂಲೆಯಲ್ಲಿ ಗುಂಡನೆಯ ಅಚ್ಚು. ಕಾಫಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಕಾಲಿನ ಅಚ್ಚು ಅದು. ಅಂದರೆ ಬಂದವರು ಕಣದ ಇಳಿಜಾರು ಬಲ್ಲವರು. ತಗ್ಗಿನ ಕಡೆಯ ತಕ್ಕಡಿಗಳಿಗೆ ಪ್ಲೈವುಡ್ ಒತ್ತು ಕೊಟ್ಟು, ನಾಲ್ಕನ್ನೂ ಸಮ ಮಾಡಿಕೊಂಡು, ಆಮೇಲೆ ಕಾರು ಹತ್ತಿಸಿದ್ದಾರೆ.

ನಾನೂ ಹಾಗೆಯೇ ಮಾಡಿಸಿದೆ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪೈಪನ್ನು ಹಿಡಿದು ಕಲ್ಲೇಶ ಮಟ್ಟ ನೋಡಿದ. ನಾಲ್ಕು ಚಕ್ರಕ್ಕೆ ನಾಲ್ಕು ತಕ್ಕಡಿ. ಎರಡು ಈ ಮನೆಯವು. ಇನ್ನೆರಡು ಪಕ್ಕದ ತೋಟದ ಬೆಳ್ಳಿಯಪ್ಪನವರಿಂದ ಕಡ ತಂದು ಇನ್ನೂ ವಾಪಸು ಕೊಡದಿದ್ದವು. ಕೊಯ್ಲು ಶುರುವಾಗಲು ಇನ್ನೂ ದಿನವಿದ್ದುದರಿಂದ ಯಾರಿಗೂ ಅದರ ನೆನಪಾಗಿರಲಿಲ್ಲ.

ಬೆಳ್ಳಿಯಪ್ಪನವರನ್ನೂ ಕರೆಸಿದ್ದೆ. ತಕ್ಕಡಿ ಕೇಳುವ ನೆಪದಲ್ಲಿ ಬಂದು, ಕಣದ ಕಟ್ಟೆಯ ಮೇಲೆ ಕೂತು ಆಗಲೇ ಎರಡನೇ ಲೋಟ ಕಾಫಿ ಮುಗಿಸುತ್ತಿದ್ದರು. ಈ ಕಾರನ್ನು ತಮಗೆ ಕೊಟ್ಟುಬಿಡು ಎಂದು ಚಂದ್ರಶೇಖರರನ್ನು ಅವರು ಪ್ರತಿ ವರ್ಷ ಕೇಳುತ್ತಾರೆ, ಇವರು ಪ್ರತಿ ವರ್ಷ ಇಲ್ಲ ಎನ್ನುತ್ತಾರೆ. ಅದೊಂದು ಸಂಪ್ರದಾಯವೇ ಆಗಿಬಿಟ್ಟಿದೆ.

ಅನುಮಾನಕ್ಕೆ ಮೂವರಿದ್ದರು. ಕಾರು ಬೇಕೆಂದು ಆಸೆಪಡುವ ಬೆಳ್ಳಿಯಪ್ಪ. ಶೆಡ್ಡಿನ ಕೀ ಇಟ್ಟುಕೊಂಡ ಕಲ್ಲೇಶ. ಮನೆಯೊಡತಿ ತುಂಗಮ್ಮ. ನಾನು ಮೂವರಿಗೂ ಒಂದೇ ಮಾತು ಹೇಳಿದೆ, ಒಬ್ಬೊಬ್ಬರಾಗಿ ಬಂದು ಡ್ರೈವರ್ ಸೀಟಲ್ಲಿ ಕೂತು ಎದ್ದು ಹೋಗಿ, ಅಷ್ಟೇ ಸಾಕು ಎಂದೆ.

ಉಪಾಯ ಸರಳ. ಟ್ರ್ಯಾಕಿನಲ್ಲಿ ಓಡುವ ಕಾರನ್ನು ಖಾಲಿ ತೂಗಿ ಹೊಂದಿಸುವುದಿಲ್ಲ, ಓಡಿಸುವವರ ತೂಕವನ್ನೂ ಸೇರಿಸಿ ಹೊಂದಿಸುತ್ತಾರೆ. ಮುಂದಿನ ಎಡ ಚಕ್ರದ ತೂಕಕ್ಕೆ ಹಿಂದಿನ ಬಲದ್ದನ್ನು ಕೂಡಿಸಬೇಕು. ಮುಂದಿನ ಬಲದ್ದಕ್ಕೆ ಹಿಂದಿನ ಎಡದ್ದನ್ನು. ಎರಡೂ ಮೊತ್ತ ಒಂದೇ ಬಂದರೆ ಕಾರು ಎಡಕ್ಕೂ ಬಲಕ್ಕೂ ಒಂದೇ ಥರ ತಿರುಗುತ್ತದೆ. ಹೆಚ್ಚುಕಡಿಮೆಯಾದರೆ ಒಂದು ಕಾಲು ಗಿಡ್ಡವಾದ ಮಂಚದ ಹಾಗೆ ಒಂದು ಕಡೆಗೆ ಕುಂಟುತ್ತದೆ. ಯಾರು ಕೂತಾಗ ಎರಡೂ ಮೊತ್ತ ಸರಿಯಾಗುತ್ತದೋ ಅವರಿಗಾಗಿಯೇ ಈ ಕಾರನ್ನು ಹೊಂದಿಸಲಾಗಿದೆ.

ಮೊದಲು ಮಾಲೀಕರನ್ನೇ ಕೂರಿಸಿದೆ. ಚಂದ್ರಶೇಖರರದು ಭರ್ಜರಿ ಮೈಕಟ್ಟು. ಎರಡು ಮೊತ್ತದ ನಡುವೆ ದೊಡ್ಡ ಅಂತರ ಬಂತು. ತಮ್ಮ ಕಾರು ತಮಗೇ ಹೊಂದುವುದಿಲ್ಲವೆಂದು ತಿಳಿದು ಅವರ ಮುಖ ಸಣ್ಣದಾಯಿತು.

ಬೆಳ್ಳಿಯಪ್ಪನವರು ಖುಷಿಯಿಂದ ಎದ್ದು ಬಂದರು. ಅವರಿಗೆ ಆ ಸೀಟಲ್ಲಿ ಕೂರುವ ಭಾಗ್ಯ ಇದೇ ಮೊದಲು. ಬೆಳಿಗ್ಗೆ ನಾನು ನೋಡಿದಾಗ ಸೀಟನ್ನು ಯಾರೋ ಮುಂದಕ್ಕೆ ಎಳೆದಿದ್ದರು, ಚಂದ್ರಶೇಖರರು ಕೂತೆದ್ದ ಮೇಲೆ ನಾನು ಬೇಕೆಂದೇ ಅದನ್ನು ಮತ್ತೆ ಅಲ್ಲಿಗೇ ತಂದಿಟ್ಟಿದ್ದೆ. ಹೊಟ್ಟೆ ಮತ್ತು ಸ್ಟೀರಿಂಗ್ ನಡುವೆ ಸಿಕ್ಕಿಹಾಕಿಕೊಂಡ ಅವರನ್ನು ಬಿಡಿಸಲು ಕಲ್ಲೇಶನೂ ಚಂದ್ರಶೇಖರರೂ ಸೇರಿ ಎಳೆಯಬೇಕಾಯಿತು. ತಕ್ಕಡಿ ನೋಡುವ ಅಗತ್ಯವೇ ಬೀಳಲಿಲ್ಲ. ಹೊರಗೆ ಬಂದ ಮೇಲೂ ಅವರು ನಗುತ್ತಲೇ ಇದ್ದರು, ಇನ್ನು ಮೇಲೆ ಈ ಕಾರು ಕೇಳುವುದಿಲ್ಲ ಎಂದು ಅಲ್ಲೇ ಘೋಷಿಸಿದರು.

ಕಲ್ಲೇಶ ಕೂತ. ಅಂತರ ಕಡಿಮೆಯಾಯಿತು, ಆದರೆ ಹೋಗಲಿಲ್ಲ. ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು.

"ತುಂಗಮ್ಮ" ಎಂದು ಕರೆದೆ.

ಒಲೆಯ ಮೇಲೆ ರೊಟ್ಟಿ ಇದೆ, ಹೊತ್ತಿ ಹೋಗುತ್ತದೆ ಎಂದರು. ಹೋಗಲಿ ಎಂದೆ. ಕೈ ಒರೆಸಿಕೊಂಡು ಬಂದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲು ಎಡಗಾಲು ಒಳಗೆ ಹಾಕಿ, ತಲೆ ತಗ್ಗಿಸಿ, ಒಂದೇ ಸಲಕ್ಕೆ ಸೀಟಿಗೆ ಇಳಿದರು. ನೆಲಕ್ಕೆ ಅಂಟಿದಂತಿರುವ ಆ ಕಾರಿಗೆ ಹೊಸಬರು ಹಾಗೆ ಹತ್ತುವುದಿಲ್ಲ. ಬಾಗಿಲ ಚೌಕಟ್ಟಿಗೆ ತಲೆ ಹೊಡೆಸಿಕೊಂಡೇ ಹತ್ತುತ್ತಾರೆ, ನಾನೂ ಹೊಡೆಸಿಕೊಂಡಿದ್ದೆ.

ಅವರ ಎಡಗಾಲು ತಾನಾಗಿ ಕ್ಲಚ್ಚಿನ ಮೇಲೆ ಹೋಗಿ ಕೂತಿತು.

ಚಂದ್ರಶೇಖರರು ಅದನ್ನು ನೋಡಿದರು. ಬೆಳ್ಳಿಯಪ್ಪನವರ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

"ಎಷ್ಟು ದಿನದಿಂದ ಓಡಿಸ್ತಿದ್ದೀರಿ ತುಂಗಮ್ಮ?" ನಾನು ಮೆತ್ತಗೆ ಕೇಳಿದೆ.

ಅವರು ಅಳುತ್ತಾರೆ ಅಥವಾ ಇಲ್ಲ ಎಂದು ವಾದಿಸುತ್ತಾರೆ ಎಂದುಕೊಂಡಿದ್ದೆ. ಅವರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಬಾಯ್ತುಂಬ ನಕ್ಕುಬಿಟ್ಟರು. ಮಳೆಗಾಲ ಮುಗಿದಾಗಿನಿಂದ ಎಂದರು. ಇವರು ಚಿಕ್ಕಮಗಳೂರಿಗೆ ಹೋದ ದಿನಗಳಲ್ಲಿ, ಬೆಳಿಗ್ಗೆ ಹಾಲು ಕರೆದಾದ ಮೇಲೆ. ಮೊದಮೊದಲು ಗೇಟಿನ ತನಕ, ಆಮೇಲೆ ಕೊಟ್ಟಿಗೆಹಾರದ ತನಕ. ಒಂದು ದಿನ ದೇವರಮನೆಯ ಬೋಳುಗುಡ್ಡದ ತನಕ ಹೋಗಿ, ಅಲ್ಲಿ ಇಳಿದು ಒಬ್ಬರೇ ಜೋರಾಗಿ ಕೂಗಿ ಬಂದರಂತೆ. ಹೇಳುವಾಗ ಅವರ ಮುಖ ಹತ್ತನೇ ಕ್ಲಾಸಿನ ಹುಡುಗಿಯ ಹಾಗಿತ್ತು. ಇಷ್ಟು ವರ್ಷ ನೋಡಿದ ತುಂಗಮ್ಮನನ್ನು ನಾನು ನೋಡಿಯೇ ಇರಲಿಲ್ಲ ಅನಿಸಿತು, ಸುಮ್ಮನೆ ಸಂತೋಷವಾಯಿತು.

ಚಂದ್ರಶೇಖರರು ಸಿಡಿಯಬಹುದೆಂದು ಕಲ್ಲೇಶ ಒಂದು ಹೆಜ್ಜೆ ಹಿಂದೆ ಸರಿದ. ಅವರು ಸಿಡಿಯಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಹೆಂಡತಿಯ ಪಕ್ಕ ಬಗ್ಗಿ ನಿಂತು, ದೇವರಮನೆಯ ಕೊನೆಯ ಏರಿನಲ್ಲಿ ಎಷ್ಟನೇ ಗೇರು ಹಾಕಿದೆ ಎಂದು ಕೇಳಿದರು. ಎರಡನೆಯದು ಎಂದರು ತುಂಗಮ್ಮ. ನಾನು ಮೂರರಲ್ಲೇ ಹತ್ತಿಸ್ತೀನಿ ಎಂದು ಗಂಡ. ಅದಕ್ಕೇ ಇಂಜಿನ್ ಅಷ್ಟು ಒದ್ದಾಡುತ್ತೆ ಎಂದು ಹೆಂಡತಿ. ಗಂಡಹೆಂಡತಿ ಅಷ್ಟು ಹೊತ್ತು ಒಂದೇ ವಿಷಯ ಮಾತಾಡಿದ್ದನ್ನು ತಾನು ಕಂಡಿರಲಿಲ್ಲ ಎಂದು ಬೆಳ್ಳಿಯಪ್ಪನವರು ನನ್ನ ಕಿವಿಯಲ್ಲಿ ಹೇಳಿದರು.

ಅಲ್ಲಿಗೆ ಕೇಸು ಮುಗಿಯಬೇಕಿತ್ತು. ನಾನು ಖುಷಿಯಿಂದಲೇ ತಕ್ಕಡಿಗಳ ಕಡೆ ತಿರುಗಿದೆ.

ಎರಡು ಮೊತ್ತ ಇನ್ನೂ ಒಂದಾಗಿರಲಿಲ್ಲ.

ಕಲ್ಲೇಶನನ್ನು ಕರೆದು ಮತ್ತೊಮ್ಮೆ ಕೂಡಿಸಿ ನೋಡು ಎಂದೆ. ಅದೇ ಉತ್ತರ. ಹತ್ತಿರ ಬಂದಿತ್ತು, ಎಲ್ಲರಿಗಿಂತ ಹತ್ತಿರ. ಆದರೆ ಇಷ್ಟು ಚೊಕ್ಕವಾಗಿ ಪ್ಲೈವುಡ್ ಕತ್ತರಿಸಿದ ಮನುಷ್ಯ ಕೊನೆಯ ಲೆಕ್ಕದಲ್ಲಿ ಸಡಿಲ ಬಿಡುವವನಲ್ಲ. ಹಿಂದಿನ ಎಡ ಚಕ್ರದ ಮೇಲೆ ಭಾರ ಸಾಲದು ಎಂದು ತಕ್ಕಡಿ ಹೇಳುತ್ತಿತ್ತು.

ನಾನು ಎಡಗಡೆಯ ಬಾಗಿಲು ತೆಗೆದು ಖಾಲಿ ಸೀಟಿನ ಮೇಲೆ ಅಂಗೈ ಆಡಿಸಿದೆ. ಬಟ್ಟೆಯ ಹೊಲಿಗೆಯ ಸಂದಿನಲ್ಲಿ ತೆಳ್ಳನೆಯ ಹೊಟ್ಟು ಸಿಕ್ಕಿತು. ಹಣ್ಣು ಸುಲಿದು ಒಣಗಿಸಿಟ್ಟ ಪಾರ್ಚ್‌ಮೆಂಟ್ ಕಾಫಿ ಬೀಜದ ಸಿಪ್ಪೆ. ಆಮೇಲೆ ತುಂಗಮ್ಮನನ್ನು ಎಬ್ಬಿಸಿ ಬಲಗಡೆಯ ಸೀಟು ನೋಡಿದೆ. ಅಲ್ಲೂ ಅದೇ ಹೊಟ್ಟು.

ಈಗ ಅರ್ಥವಾಯಿತು. ಕಾರಿನಲ್ಲಿ ಜನ ಕೂತಿದ್ದರೆ ಅಡಿಯಲ್ಲಿ ಬಳೆ ತಿರುಗಿಸುವವರು ಯಾರು? ಅದಕ್ಕೆ ಮನುಷ್ಯರ ಬದಲು ಅಷ್ಟೇ ತೂಕದ ಕಾಫಿ ಮೂಟೆ ಇಟ್ಟಿದ್ದಾರೆ. ಒಂದಲ್ಲ. ಎರಡು ಸೀಟಿನಲ್ಲೂ.

"ನಿಮ್ಮ ಪಕ್ಕ ಕೂರ್ತಿದ್ದೋರು ಯಾರು?" ಎಂದೆ.

ತುಂಗಮ್ಮನ ನಗು ನಿಂತಿತು. ಅವರು ಗಂಡನ ಮುಖ ನೋಡಿದರು, ನನ್ನನ್ನಲ್ಲ.

ಸ್ಪ್ರಿಂಗ್ ಬಳೆ ತಿರುಗಿಸುವುದು ನನಗೆಲ್ಲಿ ಬರಬೇಕು ಪ್ರೇಮಕ್ಕ, ಗಾಳಿ ಎಷ್ಟಿರಬೇಕು, ಯಾವ ಆಯಿಲ್ ಹಾಕಬೇಕು, ಎಲ್ಲ ಅವರೇ ಮಾಡಿದ್ದು ಎಂದರು. ನನಗೆ ಓಡಿಸೋದು ಕಲಿಸಿದ್ದೂ ಅವರೇ. ಆದರೆ ಹೆಸರು ಹೇಳಲಿಲ್ಲ.

ಚಂದ್ರಶೇಖರರು ಇನ್ನೂ ದೇವರಮನೆ ಏರಿನ ಗುಂಗಿನಲ್ಲೇ ಇದ್ದರು. ಅವರ ಸಿಟ್ಟೆಲ್ಲ ಎಲ್ಲೋ ಕರಗಿ ಹೋಗಿತ್ತು. ತನ್ನ ಕಾರನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ಮನುಷ್ಯನಿಗೆ ಕೈ ಮುಗಿಯಬೇಕು ಎಂದರು. ಟ್ರ್ಯಾಕಿನವರು ಹೆಲ್ಮೆಟ್ ಹಾಕಿದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಬಿಡುತ್ತಾರೆ ಎಂಬುದು ಅವರಿಗೆ ಆಗ ನೆನಪಾಯಿತು. ಕಾರಿನ ಬಾನೆಟ್ಟಿನ ಮೇಲೆ ಕೈ ಇಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಯಾರೇ ಇರ್ಲಿ. ಭಾನುವಾರ ಆ ಎಡಗಡೆ ಸೀಟು ಅವರಿಗೆ. ನನ್ ಮಾತಿದು. ಬೆಳ್ಳಿಯಪ್ಪ, ನೀನೇ ಸಾಕ್ಷಿ ಮಾರಾಯ."

ಬೆಳ್ಳಿಯಪ್ಪನವರು ಲೋಟ ಎತ್ತಿ ಒಪ್ಪಿಗೆ ಕೊಟ್ಟರು.

ತುಂಗಮ್ಮ ಅದಕ್ಕೇ ಕಾದಿದ್ದರೇನೋ. ಸೆರಗು ಬಿಚ್ಚಿ ಹೊದ್ದುಕೊಂಡು ಗಂಡನ ಎದುರು ಬಂದು ನಿಂತರು.

"ನಂದನ್" ಎಂದರು.

ನಂದನ್ ಚಂದ್ರಶೇಖರರ ಸ್ವಂತ ತಮ್ಮ. ಕಳಸದಾಚೆ ಸಂಸೆಯಲ್ಲಿ ತೋಟ ಮಾಡಿಕೊಂಡಿದ್ದಾನೆ. ಅಣ್ಣತಮ್ಮ ಇಬ್ಬರೂ ಸೇರಿ ಈ ಕಾರನ್ನು ಒಂದೊಂದು ಬೋಲ್ಟೂ ಬಿಚ್ಚಿ ಕಟ್ಟಿದವರು. ಒಂದು ಸಂಜೆ ತಮ್ಮ ಅದನ್ನು ದೇವರಮನೆ ತಿರುವಿನಲ್ಲಿ ರಸ್ತೆ ಬದಿಯ ಮಣ್ಣಿನ ದರೆಗೆ ಗುದ್ದಿಸಿದ. ಆ ಅಪಘಾತದ ಸರ್ವೆಗೆ ಬಂದವಳು ನಾನೇ. ಕಾರು ಸರಿಹೋಯಿತು, ಅಣ್ಣತಮ್ಮ ಸರಿಹೋಗಲಿಲ್ಲ. ಅಂದಿನಿಂದ ಮದುವೆ ಮನೆಯಲ್ಲಿ ಎದುರಾದರೂ ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

"ನೀವು ಕೊಟ್ಟಿಗೆಹಾರದಲ್ಲಿ ಬಲಕ್ಕೆ ತಿರುಗಿಸೋದನ್ನ ಹಿಂದಿನಿಂದ ಜೀಪಲ್ಲಿ ಬರ್ತಾ ನೋಡಿದ್ನಂತೆ" ತುಂಗಮ್ಮನ ದನಿ ಗಟ್ಟಿಯಾಗಿಯೇ ಇತ್ತು. "ಅವತ್ತು ನಂಗೆ ಫೋನ್ ಮಾಡ್ದ. ಅತ್ತಿಗೆ, ಅಣ್ಣ ಹಿಂಗೇ ಟ್ರ್ಯಾಕಿಗೆ ಹೋದ್ರೆ ವಾಪಸ್ ಬರಲ್ಲ ಅಂದ. ನಾನು ಹೆದರಿ ಬಾ ಅಂದೆ."

"ಅವನು ನನ್ ಕಾರು ಓಡಿಸಿದ್ನಾ?" ಚಂದ್ರಶೇಖರರ ಸ್ವರ ಬದಲಾಗಿತ್ತು.

"ಇಲ್ಲ. ಇನ್ನು ಈ ಸ್ಟೀರಿಂಗ್ ಮುಟ್ಟಬೇಡ ಅಂತ ನೀವು ಹೇಳಿದ್ರಲ್ಲ. ಇವತ್ತಿಗೂ ಮುಟ್ಟಿಲ್ಲ. ಓಡಿಸಿ ನೋಡದೆ ಸರಿಮಾಡೋಕಾಗಲ್ಲ ಅಂತ ನಂಗೆ ಕಲಿಸ್ದ. ನಾನು ಓಡಿಸ್ದೆ, ಅವನು ಪಕ್ಕದಲ್ಲಿ ಕೂತು ಕಾರು ಏನ್ ಹೇಳುತ್ತೆ ಅಂತ ಕೇಳಿಸ್ಕೊಂಡ. ಅದಕ್ಕೇ ಈಗ ನಮ್ಮಿಬ್ಬರ ತೂಕಕ್ಕೆ ಹೊಂದಿಸಿರೋದು, ಟ್ರ್ಯಾಕಿಗೆ ಮುಂಚೆ ನಿಮ್ ತೂಕಕ್ಕೆ ಬಳೆ ತಿರುಗಿಸ್ಬೇಕು ಅಂದಿದ್ದಾನೆ."

ಚಂದ್ರಶೇಖರರು ನೋಡುತ್ತಿದ್ದುದು ಎಡಗಡೆಯ ಸೀಟನ್ನು. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜನವಲ್ಲ ಅವರು. ತಮ್ಮನನ್ನು ಕರೆಯುವ ಜನವೂ ಅಲ್ಲ. ಒಂದನ್ನು ಮುರಿಯದೆ ಭಾನುವಾರ ಇಲ್ಲ, ಅದು ಅವರಿಗೂ ಗೊತ್ತು, ನಮಗೂ ಗೊತ್ತು.

"ಗೇಟಿನ ಹತ್ರ ಇದ್ದಾನೆ" ಎಂದರು ತುಂಗಮ್ಮ. "ಇವತ್ತು ಹೇಳ್ಬಿಡ್ತೀನಿ ಅಂತ ನಾನೇ ಕರೆಸಿದ್ದು. ಒಳಗೆ ಬಾ ಅಂದ್ರೆ, ಅಣ್ಣ ಕರೆದ್ರೆ ಮಾತ್ರ ಅಂದ."

ಚಂದ್ರಶೇಖರರು ಡ್ರೈವರ್ ಸೀಟನ್ನು ಖಟ್ಟನೆ ಹಿಂದಕ್ಕೆ ತಳ್ಳಿ ಕೂತರು. ಇಂಜಿನ್ ಸ್ಟಾರ್ಟ್ ಆಯಿತು. ಕಲ್ಲೇಶ ಓಡಿ ಹೋಗಿ ಚಕ್ರ ಇಳಿಯಲು ಹಲಗೆ ಸರಿಯಾಗಿ ಇಟ್ಟ. ಕಾರು ತಕ್ಕಡಿಗಳಿಂದ ಇಳಿದು, ನಾನು ಸುರಿದ ನೀರನ್ನು ಸೀಳಿಕೊಂಡು ಕಣ ದಾಟಿ, ಗೇಟಿನ ದಾರಿ ಹಿಡಿಯಿತು. ನಾವ್ಯಾರೂ ಅವರನ್ನು ತಡೆಯಲಿಲ್ಲ. ಸಿಟ್ಟಿನಲ್ಲಿ ಕೂತರೋ ಪ್ರೀತಿಯಲ್ಲಿ ಕೂತರೋ ಎಂದು ಬೆಳ್ಳಿಯಪ್ಪನವರು ನನ್ನನ್ನು ಕೇಳಿದರು. ನನಗೆ ಕಾರಿನ ಭಾಷೆ ಬರುತ್ತದೆ, ಆದರೆ ಆ ಇಂಜಿನ್ನಿನ ಸದ್ದಿನಲ್ಲಿ ನನಗೆ ಎರಡೂ ಕೇಳಿಸಿತು.

ಸಿಲ್ವರ್ ಓಕ್ ಮರಗಳ ತಿರುವಿನಲ್ಲಿ ಕಾರು ಮರೆಯಾಯಿತು. ಅದು ಬಲ ತಿರುವು. ಹಿಂಭಾಗ ಎಗರಲಿಲ್ಲ. ಸದ್ದು ದೂರ ಹೋಗಿ, ಗೇಟಿನ ಹತ್ತಿರ ಇದ್ದಕ್ಕಿದ್ದಂತೆ ಬ್ರೇಕ್ ಬಿತ್ತು. ಇಂಜಿನ್ ನಿಲ್ಲಲಿಲ್ಲ, ಗುರುಗುಡುತ್ತಲೇ ಇತ್ತು. ತುಂಗಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಆಮೇಲೆ ಕಾರಿನ ಒಂದು ಬಾಗಿಲು ತೆರೆದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಅಣ್ಣ ಇಳಿಯುವ ಬಲಗಡೆಯದೋ, ತಮ್ಮ ಹತ್ತುವ ಎಡಗಡೆಯದೋ, ಕಣದಲ್ಲಿ ನಿಂತ ನಾಲ್ವರಿಗೂ ತಿಳಿಯಲಿಲ್ಲ.